ಅಯ್ಯನವರ ಸಾಕ್ಷಿ

ಕಾಸಾರಶಿರಸಿಯಲ್ಲಿ ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಮಾಣಿಕಪ್ಪ ಬಗ್ಗಿ ಪಾದ ಮುಟ್ಟಿದಾಗ ಊರ ಮಠದ ಜಂಗಮ ಚಿದಂಬರಯ್ಯ ಕಾಲು ಹಿಂದಕ್ಕೆಳೆದುಕೊಳ್ಳಬೇಕು ಅಂದುಕೊಂಡ. ಅಂದುಕೊಳ್ಳುವಷ್ಟರಲ್ಲಿ ಬಲಗೈ ತಾನಾಗಿಯೇ ಎದ್ದು ಹರಸಿ ಕೆಳಗಿಳಿದಿತ್ತು. ಇದೇ ಮಾಣಿಕಪ್ಪನ ವಿರುದ್ಧ ಸಾಕ್ಷಿ ಹೇಳಲು ತಾನು ಇವತ್ತು ನಿಲಂಗಾದ ಕೋರ್ಟಿಗೆ ಹೊರಟಿರುವುದು. ಅದು ಮಾಣಿಕಪ್ಪನಿಗೂ ಗೊತ್ತು, ಮರದ ಕೆಳಗೆ ನಿಂತ ಅಷ್ಟೂ ಜನಕ್ಕೂ ಗೊತ್ತು. ಊರಿನಿಂದ ಇಲ್ಲಿಯವರೆಗೆ ನಡೆದು ಬರುವಾಗ ಚಿದಂಬರಯ್ಯ ಒಂದು ಜಗಳಕ್ಕೆ ಸಿದ್ಧನಾಗಿದ್ದ. ಮಾಣಿಕಪ್ಪ ಮುಖ ತಿರುಗಿಸಿಯಾನು, ಬೈದಾನು, ಸುಗ್ಗಿಯಲ್ಲಿ ಮಠಕ್ಕೆ ಕೊಡುವ ಜೋಳ ನಿಲ್ಲಿಸುತ್ತೇನೆ ಅಂದಾನು. ಅದಕ್ಕೆಲ್ಲ ತಕ್ಕ ಉತ್ತರಗಳನ್ನು ಬದುವಿನ ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ. ಕಾಲು ಮುಟ್ಟಿದವನಿಗೆ ಏನು ಉತ್ತರ ಕೊಡುವುದು? ಬಸ್ಸು ಬಂತು. ಮಾಣಿಕಪ್ಪ ಮುಂದೆ ನುಗ್ಗಿ, ಕಿಟಕಿಯ ಪಕ್ಕದ ಜಾಗ ಹಿಡಿದು, ಹೆಗಲ ಮೇಲಿನ ವಸ್ತ್ರದಿಂದ ಸೀಟಿನ ಧೂಳು ಹೊಡೆದು, ‘ಬರ್ರಿ ಅಯ್ಯನೋರೆ, ಇಲ್ಲಿ ಕೂಡ್ರಿ’ ಅಂದ. ಚಿದಂಬರಯ್ಯ ಕೂತ. ಕಂಡಕ್ಟರ್ ಬಂದಾಗ ಮಾಣಿಕಪ್ಪನೇ ಇಬ್ಬರ ಟಿಕೀಟು ತೆಗೆಸಿದ. ‘ಬ್ಯಾಡ ಮಾಣಿಕಪ್ಪ, ನನ್ನದು ನಾ ತಗೋತೀನಿ’ ಎಂದು ಚಿದಂಬರಯ್ಯ ಸೊಂಟದ ಚೀಲಕ್ಕೆ ಕೈ ಹಾಕಿದ್ದು ನಿಜ, ಆದರೆ ಚೀಲದ ದಾರ ಗಂಟು ಬಿದ್ದಿತ್ತು, ಬಿಚ್ಚುವುದರೊಳಗೆ ಟಿಕೀಟು ಹರಿದು ಕೈಗೆ ಬಂದಿತ್ತು. ಸಾಕ್ಷಿದಾರನ ಟಿಕೀಟನ್ನು ಆರೋಪಿ ತೆಗೆಸಿದ! ಹೇಳಿದರೆ ನಗಬೇಕು. ಅವನಿಗೆ ನಗು ಬರಲಿಲ್ಲ.

‘ಇದ್ದದ್ದು ಇದ್ದಾಂಗ ಹೇಳ್ರಿ ಅಯ್ಯನೋರೆ. ನನ ಸಲುವಾಗಿ ಅಂಜಬ್ಯಾಡ್ರಿ. ಅಯ್ಯನ ಬಾಯಾಗ ಸುಳ್ಳ ಬಂದ್ರ ನಮ್ಮ ಮನಿತನಕ್ಕ ಒಳ್ಳೇದಲ್ಲ’ ಎಂದ ಮಾಣಿಕಪ್ಪ. ವ್ಯಂಗ್ಯವೇನೋ ಎಂದು ಚಿದಂಬರಯ್ಯ ಅವನ ಮುಖ ನೋಡಿದ. ವ್ಯಂಗ್ಯವಿರಲಿಲ್ಲ. ಬಿಸಿಲಿಗೆ ಸುಟ್ಟ, ಹುಬ್ಬು ಬೆಳ್ಳಗಾಗತೊಡಗಿದ, ಮನೆಯವರಂಥ ಮುಖ. ಇದೇ ಮುಖ ಬಾವಿಯ ಕಟ್ಟೆಯ ಮೇಲೆ ಬೇರೆಯಾಗಿತ್ತೆ? ನೆನಪಿಸಿಕೊಳ್ಳಲು ನೋಡಿದರೆ ಮುಖ ನೆನಪಾಗುವುದೇ ಇಲ್ಲ, ಕೋಲು ಮಾತ್ರ ನೆನಪಾಗುತ್ತದೆ. ಸಂಕ್ರಾಂತಿ ಮುಗಿದು ಹಳ್ಳದ ನೀರು ಬತ್ತಿತ್ತು. ಮಠದ ಮುಂದಿನ ಬಾವಿಗೆ ಊರ ಹೊರಗಿನ ಮಹಾರರ ಕೇರಿ ಮಹಾರವಾಡೆಯ ಚಂಪಾಬಾಯಿ ಬಂದು, ಯಾರನ್ನೂ ಕೇಳದೆ, ಹಗ್ಗ ಬಿಟ್ಟು ನೀರು ಸೇದಿದಳು. ಅಸ್ಪೃಶ್ಯತೆಯ ವಿರುದ್ಧ ಕಾನೂನು ಬಂದು ಆಗಲೇ ಮೂರು ವರ್ಷವಾಗಿತ್ತು. ಬಾವಿ ಎಲ್ಲರದೂ ಎಂದು ಚಾವಡಿಯ ಗೋಡೆಯ ಮೇಲೆ ಬರೆಸಿದ್ದರು ಕೂಡ. ಮಾಣಿಕಪ್ಪ ಎತ್ತು ಹೊಡೆದುಕೊಂಡು ಹೋಗುತ್ತಿದ್ದವನು ನಿಂತ. ಕೊಡ ಒಡೆದ. ಅವಳಿಗೆ ಪೆಟ್ಟು ಬೀಳದಂತೆ ಅಡ್ಡ ಬಂದ ಗಂಡ ಗ್ಯಾನೋಬಾನ ಎಡಗೈಗೆ ಕೋಲು ಬಿತ್ತು. ಮೂಳೆ ಮುರಿದ ಶಬ್ದ ದೊಡ್ಡದೇನೂ ಅಲ್ಲ. ಮಠದ ಮೆಟ್ಟಿಲ ಮೇಲೆ ವಿಭೂತಿ ಒಣಗಲು ಇಡುತ್ತಿದ್ದ ಚಿದಂಬರಯ್ಯನಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು. ಮಾಣಿಕಪ್ಪ ಎಂಥ ಸಿಟ್ಟಿನಲ್ಲಿದ್ದರೂ ಅಯ್ಯನ ಮಾತಿಗೆ ಕೋಲು ಇಳಿಸುವವನೇ. ಗಂಟಲಲ್ಲಿ ಮಾತು ಸಿದ್ಧವಾಗಿತ್ತು. ಆದರೆ ಕೈಯಲ್ಲಿ ಹಸಿ ವಿಭೂತಿಯ ಉಂಡೆ ಇತ್ತು, ಅದನ್ನು ಎಲ್ಲಿ ಇಡುವುದು ಎಂದು ಅವನು ಅತ್ತ ಇತ್ತ ನೋಡಿದ. ಇದನ್ನು ಯಾರಿಗೆ ಹೇಳಿದರೆ ನಂಬುತ್ತಾರೆ? ಒಬ್ಬನ ಕೈ ಮುರಿಯುವಾಗ ಅವನು ಉಂಡೆ ಇಡಲು ಜಾಗ ಹುಡುಕುತ್ತಿದ್ದ.

ಗ್ಯಾನೋಬಾ ನಿಲಂಗಾಕ್ಕೆ ಹೋಗಿ ಫಿರ್ಯಾದಿ ಕೊಟ್ಟ. ಊರೊಳಗಿನವರು ಒಬ್ಬರಾದರೂ ಸಾಕ್ಷಿ ಬೇಕು ಎಂದು ಪೊಲೀಸರು ಹೇಳಿದರಂತೆ. ಆ ಸುದ್ದಿ ಕೇಳಿದ ಸಂಜೆಯೇ ಚಿದಂಬರಯ್ಯ ಮಹಾರವಾಡೆಗೆ ಹೋದ. ಅಲ್ಲಿಗೆ ಅವನು ಕಾಲಿಟ್ಟದ್ದು ಹುಟ್ಟಿದಮೇಲೆ ಮೊದಲ ಸಲ. ಓಣಿ ತಿರುಗುವಾಗ ಅಂಜಿಕೆಯ ಜೊತೆಗೆ ಒಂದು ಹುರುಪೂ ಇತ್ತು; ಶರಣರು ಕುಲವಿಲ್ಲ ಎಂದು ಹೇಳಿಹೋದದ್ದನ್ನು ಬಾಯಿಪಾಠ ಒಪ್ಪಿಸುವ ತನ್ನ ಮನೆತನದಲ್ಲಿ ನಡೆದು ತೋರಿಸುತ್ತಿರುವವನು ತಾನೊಬ್ಬನೇ ಎಂಬ ಹುರುಪು. ಉದಗೀರದ ಮಠದಲ್ಲಿ ಓದುತ್ತಿದ್ದಾಗ ಕೇಳಿದ ಭಾಷಣಗಳೆಲ್ಲ ಆ ಓಣಿಯಲ್ಲಿ ಅವನ ಜೊತೆ ನಡೆಯುತ್ತಿದ್ದವು. ಗ್ಯಾನೋಬಾನ ಮನೆಯಲ್ಲಿ ದೇವರ ಗೂಡು ಖಾಲಿ ಇತ್ತು. ನಾಗಪುರದಲ್ಲಿ ಅವರ ಜನ ಸೇರಿ ಬೌದ್ಧರಾದ ವರ್ಷ ಇವರೂ ದೇವರುಗಳನ್ನು ಹಳ್ಳಕ್ಕೆ ಬಿಟ್ಟಿದ್ದರು, ಊರಿನ ಸತ್ತ ದನ ಎಳೆಯುವುದನ್ನೂ ಬಿಟ್ಟಿದ್ದರು. ಮಾಣಿಕಪ್ಪನ ಎತ್ತು ಸತ್ತಾಗ ಅವನೇ ಮಕ್ಕಳೊಂದಿಗೆ ಅದನ್ನು ಎಳೆಯಬೇಕಾಗಿ ಬಂದದ್ದು ಹೋದ ಮಳೆಗಾಲದಲ್ಲಿ. ಬಾವಿಯ ಕಟ್ಟೆಯ ಸಿಟ್ಟು ಅಲ್ಲಿಂದ ಬಂದದ್ದು ಎಂದು ಎಲ್ಲರಿಗೂ ಗೊತ್ತಿತ್ತು.

‘ಗ್ಯಾನೋಬಾ, ನಾ ಸಾಕ್ಷಿ ಹೇಳ್ತೀನಿ’ ಎಂದ ಚಿದಂಬರಯ್ಯ. ಕೈಗೆ ಬಿದಿರಿನ ಚಕ್ಕೆ ಕಟ್ಟಿಕೊಂಡು ಗೋಡೆಗೆ ಒರಗಿದ್ದ ಗ್ಯಾನೋಬಾ, ‘ಹೌದ್ರೀ?’ ಎಂದ, ಅಷ್ಟೇ. ಇನ್ನೂ ಏನೋ ಬರಬೇಕಾಗಿತ್ತು ಎಂದು ಚಿದಂಬರಯ್ಯನಿಗೆ ಅನಿಸಿತು. ಅದು ಬರದ್ದರಿಂದ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಲು, ‘ಕುಡೀಲಾಕ ಒಂದ್ ತಂಬಿಗಿ ನೀರ ಕೊಡ್ರಿ’ ಎಂದ. ಹೇಳಿದ ಮೇಲೆ ಹೊಳೆಯಿತು, ನೀರಿಗಾಗಿ ಕೈ ಮುರಿಸಿಕೊಂಡವರ ಮನೆಯಲ್ಲಿ ತಾನು ನೀರು ಕೇಳುತ್ತಿದ್ದೇನೆ. ಚಂಪಾಬಾಯಿ ಎದ್ದು ಒಳಗೆ ಹೋದಳು. ಗಡಿಗೆಯ ತಳಕ್ಕೆ ತಂಬಿಗೆ ತಾಗುವ ಸದ್ದಾಯಿತು. ತಂಬಿಗೆ ಹಿಡಿದು ಅವಳು ಎದುರು ಬಂದು ನಿಂತಾಗ ಚಿದಂಬರಯ್ಯನ ಕಾಲುಗಳು ಮುಂದೆ ಚಾಚಿಕೊಂಡವು. ಅವನು ಚಾಚಲಿಲ್ಲ, ಅವೇ ಚಾಚಿಕೊಂಡವು. ಹುಟ್ಟಿದಾಗಿನಿಂದ ಯಾವ ಭಕ್ತರ ಮನೆಗೆ ಹೋದರೂ ಹೆಣ್ಣುಮಕ್ಕಳು ತಂಬಿಗೆ ಹಿಡಿದು ಎದುರು ನಿಂತರೆ ಅದು ಜಂಗಮನ ಪಾದ ತೊಳೆಯಲು. ಅವನು ಮಾತಾಡುತ್ತಲೇ ಕಾಲು ಮುಂದಿಡುತ್ತಾನೆ, ಅವರು ತೊಳೆಯುತ್ತಾರೆ, ತೊಳೆದ ನೀರನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಈಗ ಸಗಣಿ ಸಾರಿಸಿದ ನೆಲದ ಮೇಲೆ ಅವನ ಎರಡು ಪಾದಗಳು ಚಂಪಾಬಾಯಿಯ ಮುಂದೆ ಜೋಡಿಯಾಗಿ ಕೂತಿದ್ದವು. ಅವಳು ಅವನ್ನು ನೋಡಿದಳು. ತಂಬಿಗೆಯನ್ನೂ ನೋಡಿದಳು. ‘ಕುಡೀಲಾಕ ತಂದಾಳ್ರೀ’ ಎಂದ ಗ್ಯಾನೋಬಾ ಮೆಲ್ಲಗೆ. ಯಾರಾದರೂ ನಕ್ಕಿದ್ದರೆ ಚಿದಂಬರಯ್ಯ ಬದುಕುತ್ತಿದ್ದ. ಯಾರೂ ನಗಲಿಲ್ಲ. ಅವನು ಕಾಲನ್ನು ಧೋತರದೊಳಗೆ ಎಳೆದುಕೊಂಡ. ಚಂಪಾಬಾಯಿ ತಂಬಿಗೆಯನ್ನು ಕೈಗೆ ಕೊಡದೆ ನೆಲದ ಮೇಲೆ ಇಟ್ಟಳು. ಅವನು ಎತ್ತಿ ಕುಡಿದ, ಪೂರ್ತಿ ಕುಡಿದ, ಬಿಟ್ಟರೆ ತಪ್ಪು ತಿಳಿದಾರು ಎಂದು. ಮನೆಯಲ್ಲಿದ್ದ ನೀರು ಅಷ್ಟೇ ಎಂಬುದು ಆಮೇಲೆ ತಿಳಿಯಿತು.

ಬಸ್ಸು ಎಲ್ಲಿಯೋ ನಿಂತು ಹೆಂಗಸರು ಹತ್ತಿದರು. ಮಾಣಿಕಪ್ಪ ಕಣ್ಣು ಮುಚ್ಚಿದ್ದ. ತುಟಿ ಅಲ್ಲಾಡುತ್ತಿತ್ತು, ಷಡಕ್ಷರಿ ಜಪಿಸುತ್ತಿರಬೇಕು, ದೀಕ್ಷೆ ಕೊಡುವಾಗ ಚಿದಂಬರಯ್ಯನೇ ಅವನ ಕಿವಿಯಲ್ಲಿ ಹೇಳಿದ ಮಂತ್ರ. ಕಿಟಕಿಯಾಚೆ ಬಿಳಿಜೋಳ ತೆನೆ ತೂಗಿ ನಿಂತಿತ್ತು, ಕೆಲವು ಹೊಲದಲ್ಲಿ ಕೊಯ್ಲು ಶುರುವಾಗಿತ್ತು. ಫಿರ್ಯಾದಿ ಕೊಟ್ಟದ್ದಕ್ಕೆ ಮಹಾರವಾಡೆಯ ಒಬ್ಬರನ್ನೂ ಈ ಸಲ ಕೊಯ್ಲಿಗೆ ಕರೆಯಬಾರದು ಎಂದು ಊರು ತೀರ್ಮಾನಿಸಿದೆ. ಗಿರಣಿಯವನು ಅವರ ಜೋಳ ಬೀಸುವುದಿಲ್ಲ. ಆ ಸಂಜೆಯ ನಂತರವೂ ಚಿದಂಬರಯ್ಯ ಗ್ಯಾನೋಬಾನ ಮನೆಗೆ ಹೋಗುವುದು ಬಿಡಲಿಲ್ಲ. ಪಾದದ ವಿಷಯ ಅಳಿಸಿಹಾಕಬೇಕಿತ್ತಲ್ಲ. ಮರುದಿನದಿಂದ ಗ್ಯಾನೋಬಾನಿಗೆ ‘ನೀವು’ ಎನ್ನತೊಡಗಿದ. ಮೊದಲ ಸಲ ಅಂದಾಗ ಗ್ಯಾನೋಬಾ ತನ್ನ ಹಿಂದೆ ಯಾರು ನಿಂತಿದ್ದಾರೆ ಎಂದು ತಿರುಗಿ ನೋಡಿದ್ದ. ‘ನನಗ ಏನೂ ಗೊತ್ತಿಲ್ಲ ಗ್ಯಾನೋಬಾ, ನಿಮಗ ಏನೇನ್ ಆಗ್ಯದ ಎಲ್ಲಾ ಹೇಳ್ರಿ, ನಾ ಕಲೀಬೇಕು’ ಎಂದು ಕೇಳುತ್ತಿದ್ದ. ಗ್ಯಾನೋಬಾ ಹೇಳುತ್ತಿದ್ದ. ಅಪ್ಪ ಮದುವೆಯಲ್ಲಿ ರುಮಾಲು ಸುತ್ತಿಕೊಂಡದ್ದಕ್ಕೆ ಆದದ್ದು. ನಿಜಾಮನ ಕಾಲದಲ್ಲಿ ಆದದ್ದು, ಪೊಲೀಸ್ ಆಕ್ಷನ್ ಆದಮೇಲೂ ಆದದ್ದು. ಶಾಲೆಯ ಹೊರಗೆ ಕಿಟಕಿಯ ಕೆಳಗೆ ಕೂತು ಕಲಿತದ್ದು. ಒಂದು ದಿನ ಕೇಳುತ್ತಾ ಕೇಳುತ್ತಾ ಚಿದಂಬರಯ್ಯನಿಗೆ ಅಳು ಬಂತು. ನಿಜವಾದ ಅಳುವೇ. ಆದರೆ ಅತ್ತದ್ದು ಅವನು, ಸಮಾಧಾನ ಮಾಡಬೇಕಾದದ್ದು ಅವರು. ರೊಟ್ಟಿ ಬಡಿಯುತ್ತಿದ್ದ ಚಂಪಾಬಾಯಿ ಕೈ ನಿಲ್ಲಿಸಿ, ‘ಅಳಬ್ಯಾಡ್ರಿ ಅಯ್ಯನೋರೆ, ಯಾರರೆ ನೋಡಿದ್ರ ನಾವೇ ಏನೋ ಮಾಡೀವಿ ಅಂತಾರ’ ಎಂದಳು. ಗ್ಯಾನೋಬಾ ಹೊರಗೆ ಎದ್ದು ಹೋದ. ಮರಳಿ ಬಂದು, ‘ನೀವ್ ಕೇಳೂದು ಆತು, ನಾ ಹೇಳೂದು ಆತು. ನನ ಕೈ ಯಾಕ ಮುರೀತು ಅಂತ ನನಗೇ ಯಾಕ ಕೇಳ್ತೀರಿ? ಮುರದವರಿಗಿ ಕೇಳ್ರಿ. ಅವರು ನಿಮ್ಮ ಮಾತ ಕೇಳ್ತಾರ, ನಮ್ಮದು ಕೇಳಾಂಗಿಲ್ಲ’ ಎಂದ. ಬೈದಂತೆ ಇರಲಿಲ್ಲ. ದಣಿದಂತೆ ಇತ್ತು. ಆ ದಣಿವು ಚಿದಂಬರಯ್ಯನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಈಗ ಮುರಿದವನು ಪಕ್ಕದಲ್ಲೇ ಕೂತಿದ್ದಾನೆ, ಭುಜಕ್ಕೆ ಭುಜ ತಾಗಿ. ಕೇಳಬಹುದು. ‘ಮಾಣಿಕಪ್ಪ’ ಎಂದ. ‘ಏನ್ರೀ ಅಯ್ಯನೋರೆ?’ ಮಾಣಿಕಪ್ಪ ತಟ್ಟನೆ ಕಣ್ಣು ತೆರೆದು ಕೈ ಜೋಡಿಸಿದ. ಕೈ ಜೋಡಿಸಿದವನ ಎದುರು ದನಿ ಏರಿಸುವುದು ಹೇಗೆಂದು ಯಾವ ಮಠದಲ್ಲೂ ಕಲಿಸಿಲ್ಲ. ‘ಅವರೂ ಮನಷಾರೇ ಅಲ್ಲೇನು? ನೀರಿಗಿ ಬಂದ ಹೆಣಮಗಳು... ಶರಣರು ಏನ್ ಹೇಳ್ಯಾರ?’ ಮಾಣಿಕಪ್ಪ ತಲೆ ಆಡಿಸಿದ. ‘ಖರೇ ಅದ್ರಿ. ನೀವ್ ಹೇಳೂದು ಸವ್ವಾಸೇರ ಖರೇ ಅದ.’ ‘ಮತ್ತ ಬಾವಿಗಿ ಬಿಡ್ತಿ ಏನು?’ ‘ನೀವು ಪುರಾಣದಾಗ ಹೇಳಿದ್ರ ನಾ ಕಣ್ಣಾಗ ನೀರ ತಗೀತೀನ್ರಿ. ಬಾವಿ ಮಾತು ಬ್ಯಾರೆ. ಅದು ಊರಿನ ಮಾತು’ ಎಂದು ಮಾಣಿಕಪ್ಪ ಅತ್ಯಂತ ವಿನಯದಿಂದ ಹೇಳಿ, ಬಿಸಿಲು ಬೀಳುತ್ತಿದೆಯೆಂದು ತನ್ನ ವಸ್ತ್ರವನ್ನು ಕಿಟಕಿಗೆ ಪರದೆಯಂತೆ ಹಿಡಿದ. ನಿಲಂಗಾದವರೆಗೂ ಹಾಗೆಯೇ ಹಿಡಿದಿದ್ದ. ಚಿದಂಬರಯ್ಯ ಆ ನೆರಳಲ್ಲಿ ಕೂತು ಮಾಣಿಕಪ್ಪನನ್ನು ದ್ವೇಷಿಸಲು ನೋಡಿದ. ಆಗಲಿಲ್ಲ. ಅವನು ತನ್ನವನು, ಅದೇ ಕಷ್ಟವಾಗಿತ್ತು.

ಕೋರ್ಟಿನ ಅಂಗಳದಲ್ಲಿ ಜನ ಗುಂಪು ಗುಂಪಾಗಿ ಕೂತಿದ್ದರು. ಚಿದಂಬರಯ್ಯ ಒಬ್ಬನೇ ಗೋಡೆಯ ನೆರಳಿಗೆ ಸರಿದು ನಿಂತು ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಕೋರ್ಟಿನ ಭಾಷೆಯಾದ ಮರಾಠಿಗೆ ತಿರುಗಿಸಿಕೊಂಡ. ‘ಮೀ ಪಾಹಿಲಂ’, ನಾನು ನೋಡಿದೆ. ಅದನ್ನು ಎಲ್ಲಿ ತಗ್ಗಿಸಬೇಕು, ಎಲ್ಲಿ ಏರಿಸಬೇಕು ಎಂದು ಹೇಳಿ ನೋಡಿದ. ಚೆನ್ನಾಗಿ ಕೇಳಿಸಿತು. ಮ್ಯಾಜಿಸ್ಟ್ರೇಟ್ ಸಾಹೇಬರು ತಲೆ ಎತ್ತಿ, ಇಂಥವರೂ ಇದ್ದಾರೆಯೇ ಎಂಬಂತೆ ನೋಡುವುದು, ವಕೀಲರು ಪಿಸುಗುಟ್ಟುವುದು, ಸುದ್ದಿ ಉಮರ್ಗಾದವರೆಗೂ ಹೋಗುವುದು ಎಲ್ಲ ಕಣ್ಣಿಗೆ ಕಟ್ಟಿತು. ಥೂ ಎಂದುಕೊಂಡ. ಒಬ್ಬನ ಮುರಿದ ಕೈಯ ಮೇಲೆ ನಿಂತು ತಾನು ಎತ್ತರವಾಗಲು ಹೊರಟಂತಾಯಿತಲ್ಲ. ಬೆಳಿಗ್ಗೆ ಹೊರಡುವಾಗ ಹೆಂಡತಿ ಪಾರ್ವತಿಬಾಯಿ ರೊಟ್ಟಿ ಕಟ್ಟಿ ಕೊಡುತ್ತಾ ಕೇಳಿದ್ದಳು: ‘ಅಲ್ಲಿ ಹೋಗಿ ಹೇಳೂದಕ್ಕಿಂತ ಇಲ್ಲೇ ಬಾವಿಗಿ ನಿಂತು ಆಕಿ ಕೊಡಕ್ಕ ನೀವೇ ನಾಕ್ ಕೊಡ ಸೇದಿ ಹಾಕಿದ್ರ ಆಗ್ತಿದ್ದಿಲ್ಲೇನು?’ ಹೆಂಗಸರಿಗೆ ಕಾನೂನು ಅರ್ಥವಾಗುವುದಿಲ್ಲ ಎಂದುಕೊಂಡು ಚಪ್ಪಲಿ ಮೆಟ್ಟಿದ್ದ. ಈಗ ಆ ಮಾತಿಗೆ ಉತ್ತರ ಹುಡುಕುತ್ತಿರುವಾಗ ಗೇಟಿನ ಹತ್ತಿರ ಗ್ಯಾನೋಬಾ ಕಂಡ. ಜೊತೆಗೆ ಚಂಪಾಬಾಯಿ. ಅವರ ಪಕ್ಕದಲ್ಲಿ ಮಾಣಿಕಪ್ಪನ ಅಳಿಯ ವಿಶ್ವನಾಥಪ್ಪ ನಿಂತು ಏನೋ ಹೇಳಿಕೊಡುತ್ತಿದ್ದ. ಗ್ಯಾನೋಬಾನ ಕೈಯ ಬಿದಿರಿನ ಕಟ್ಟು ಬಿಚ್ಚಿತ್ತು. ಕೈಯನ್ನು ಕಂಬಳಿಯೊಳಗೆ ಮುಚ್ಚಿಕೊಂಡಿದ್ದ.

ವಿಶ್ವನಾಥಪ್ಪ ಅತ್ತ ಹೋದ ಮೇಲೆ ಚಿದಂಬರಯ್ಯ ಓಡಿದಂತೆ ಹೋದ. ‘ಕಟ್ಟು ಯಾಕ ಬಿಚ್ಚೀರಿ? ಇನ್ನಾ ಕೂಡಿಲ್ಲಲ್ಲ!’

‘ಸಾಹೇಬರಿಗಿ ಕಾಣಬಾರದು ಅಂದಾರ್ರಿ. ರಾಜಿ ಆಗ್ಯದ.’

‘ಯಾರ್ ಮಾಡಿದ್ರು ರಾಜಿ? ನಾ ಬಂದೀನಲ್ಲ. ನಾ ಹೇಳ್ತೀನಿ. ಎಲ್ಲಾ ಹೇಳ್ತೀನಿ ಗ್ಯಾನೋಬಾ.’

‘ಹೇಳ್ತೀರಿ’ ಎಂದ ಗ್ಯಾನೋಬಾ. ‘ಹೇಳಿ ಸಂಜಿಗಿ ಊರಿಗಿ ಹೋಗ್ತೀರಿ. ಮಾಣಿಕಪ್ಪಗೌಡ್ರು ನಿಮ್ಮ ಕಾಲಿಗಿ ಬೀಳ್ತಾರ. ನಾವೂ ಊರಿಗಿ ಹೋಗ್ಬೇಕಲ್ರಿ. ಸುಗ್ಗಿ ನಡದದ. ಇವತ್ತ ರಾಜಿ ಆದ್ರ ನಾಳಿಗಿ ಕೊಯ್ಲಿಗಿ ಕರೀತೀನಿ ಅಂದಾರ. ಗಿರಣಿ ಬಿಡ್ತೀನಿ ಅಂದಾರ.’

‘ಮತ್ತ ಬಾವಿ?’

ಗ್ಯಾನೋಬಾ ಚಂಪಾಬಾಯಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ‘ಆ ದಿನ ಮಠದ ಮೆಟ್ಟಿಲ ಮ್ಯಾಲ ನೀವ್ ನಿಂತಿದ್ರಿ. ಏ ಮಾಣಿಕಾ, ಬಿಡು ಅಂದಿದ್ರ ಸಾಕಿತ್ರಿ. ಅಲ್ಲಿ ಆಡಬೇಕಾದ ಮಾತು ಇಲ್ಲಿ ಬಂದು ಆಡಿದ್ರ ನಾ ಅದನ್ನ ಏನ್ ಮಾಡ್ಲಿ ಅಯ್ಯನೋರೆ?’

ಇದೊಂದೇ ಮಾತನ್ನು ಯಾರೂ ಆಡಬಾರದು ಎಂದೇ ಇಷ್ಟು ದಿನ ಚಿದಂಬರಯ್ಯ ಆ ಓಣಿಗೆ ಹೋಗಿ ಬಂದು ಮಾಡಿದ್ದು. ಕೈ ಮುಗಿಯಬೇಕೆನಿಸಿತು, ಮುಗಿದರೆ ಅವರೇ ಮತ್ತೆ ಬೇಡ ಬೇಡ ಎನ್ನಬೇಕಾದೀತು. ಮುಗಿಯದೆ ನಿಂತ. ಅಷ್ಟರಲ್ಲಿ ಕೋರ್ಟಿನ ಪಟ್ಟೇವಾಲಾ ಹೆಸರು ಕೂಗಿದ. ಒಳಗೆ ಗ್ಯಾನೋಬಾ, ಆಪಸಿನಲ್ಲಿ ರಾಜಿ ಆಗಿದೆ, ತಕರಾರಿಲ್ಲ ಎಂದ. ಸಾಹೇಬರು ಎರಡು ಸಲ ಕೇಳಿದರು, ಯಾರಾದರೂ ಹೆದರಿಸಿದ್ದಾರೆಯೇ ಎಂದೂ ಕೇಳಿದರು. ಇಲ್ಲ ಎಂದ. ಬಾಗಿಲ ಹತ್ತಿರ ನಿಂತ ಚಿದಂಬರಯ್ಯನಿಗೆ ಈಗ ಮುಂದೆ ಹೋಗಿ ಕೂಗಿ ಹೇಳಬಹುದು ಅನಿಸಿತು, ಹೇಳಿದರೆ ನಾಳೆಯ ಕೊಯ್ಲು ಹೋಗುತ್ತದೆ ಎಂದೂ ಅನಿಸಿತು. ಈ ಎರಡರ ನಡುವೆ ಅವನ ಎದೆಯಲ್ಲಿ ಮೂರನೆಯದೊಂದು ಮೆಲ್ಲಗೆ ಹರಡುತ್ತಿತ್ತು, ಬಹಳ ದಿನದ ಮೇಲೆ ಬಿಗಿ ಸಡಿಲಿಸಿದಂತೆ. ಅದೇನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನೆಮ್ಮದಿ. ಹೇಳಬೇಕಾಗಿಲ್ಲ ಎಂಬ ನೆಮ್ಮದಿ. ಅವನಿಗೆ ತನ್ನ ಬಗ್ಗೆ ಅಸಹ್ಯವಾಯಿತು, ಆದರೂ ನೆಮ್ಮದಿ ಹೋಗಲಿಲ್ಲ, ಹೊಟ್ಟೆ ಹಸಿಯತೊಡಗಿತು ಕೂಡ.

ಮಾಣಿಕಪ್ಪ ಅಡತಿ ಅಂಗಡಿಯಲ್ಲಿ ಕೆಲಸವಿದೆ ಎಂದು ಅಲ್ಲೇ ಉಳಿದ. ತಿರುಗಿ ಹೋಗುವ ಬಸ್ಸು ಕಿಕ್ಕಿರಿದಿತ್ತು. ಒಳಗೆ ಹೋಗಲು ದಾರಿಯೇ ಇರಲಿಲ್ಲ, ಆದರೂ ಕಾವಿ ಶಾಲು ನೋಡಿ ಜನ ಸರಿದು ದಾರಿ ಬಿಟ್ಟರು. ಹಿಂದಿನ ಸೀಟಿನಲ್ಲಿ ಗ್ಯಾನೋಬಾ ಮತ್ತು ಚಂಪಾಬಾಯಿ ಕೂತಿದ್ದರು. ಕಂಡಕ್ಟರ್ ಇನ್ನೂ ಬಾಯಿ ತೆರೆದಿರಲಿಲ್ಲ, ಯಾರೂ ಏನೂ ಹೇಳಿರಲಿಲ್ಲ, ಗ್ಯಾನೋಬಾ ಆಗಲೇ ಏಳತೊಡಗಿದ್ದ. ಇದಾದರೂ ಆಗಬಾರದು, ಇದೊಂದಾದರೂ ತನ್ನ ಕೈಯಲ್ಲಿದೆ ಎಂದು ಚಿದಂಬರಯ್ಯ ಮುಂದೆ ನುಗ್ಗಿದ. ‘ಕೂಡ್ರಿ, ನೀವ್ ಕೂಡ್ರಿ! ಏಳಬ್ಯಾಡ್ರಿ!’ ಎಂದು ಗಟ್ಟಿಯಾಗಿ ಕೂಗಿದ. ಇಡೀ ಬಸ್ಸು ತಿರುಗಿ ನೋಡಿತು. ಗ್ಯಾನೋಬಾ ನಿಂತೇಬಿಟ್ಟಿದ್ದ. ಅವನನ್ನು ಕೂರಿಸಲು ಚಿದಂಬರಯ್ಯ ಕಂಬಳಿಯ ಮೇಲಿಂದ ಸಿಕ್ಕ ಕೈಯನ್ನು ಹಿಡಿದು ಕೆಳಕ್ಕೆ ಜಗ್ಗಿದ. ಇಷ್ಟು ದಿನ ಅವರ ಮನೆಗೆ ಹೋಗಿ ಬಂದವನು ಅವನನ್ನು ಮುಟ್ಟಿದ್ದು ಅದೇ ಮೊದಲು. ಗ್ಯಾನೋಬಾನ ಬಾಯಿಂದ ಹೊರಟದ್ದು ಮಾತಲ್ಲ. ‘ಬಿಡ್ರಿ ಅವರ ಕೈ!’ ಎಂದು ಚಂಪಾಬಾಯಿ ಚೀರಿದಳು. ‘ಬಿಡ್ರಿ, ನಿಮ್ಮ ಪುಣ್ಯ ಆಗ್ಲಿ, ಬಿಡ್ರಿ!’ ಅವನು ಬಿಟ್ಟ. ಗ್ಯಾನೋಬಾ ಬೆವರುತ್ತಾ, ಬಲಗೈಯಿಂದ ಎಡಗೈಯನ್ನು ಎದೆಗೊತ್ತಿಕೊಂಡು, ಜನರ ನಡುವೆ ಬಾಗಿಲ ಕಡೆಗೆ ಸರಿದ. ಚಂಪಾಬಾಯಿಯೂ ಎದ್ದು ಅವನ ಹಿಂದೆ ಹೋದಳು. ಕಿಕ್ಕಿರಿದ ಬಸ್ಸಿನಲ್ಲಿ ಆ ಸೀಟು ಖಾಲಿಯಾಗಿ ಉಳಿಯಿತು. ಯಾರೂ ಕೂರಲಿಲ್ಲ, ಎಲ್ಲರೂ ಅವನ ಮುಖ ನೋಡುತ್ತಿದ್ದರು. ‘ಬಸಾ ಸ್ವಾಮೀ, ಬಸಾ’ ಎಂದು ಸೀಟು ತೋರಿಸಿದ ಕಂಡಕ್ಟರ್, ಬೇಸರದಿಂದ, ‘ಗಾಡಿ ಬಿಡಬೇಕು.’ ಚಿದಂಬರಯ್ಯ ಬಾಗಿಲ ಕಡೆ ನೋಡಿದ. ಅಲ್ಲಿಗೆ ಹೋಗಿ ಅವರ ಪಕ್ಕ ನಿಂತರೆ ಅವರು ಇನ್ನೂ ಎಲ್ಲಿಗೆ ಸರಿಯಬೇಕು? ಬಸ್ಸು ಜಗ್ಗಿ ಹೊರಟಿತು. ಅವನು ಕೂತ. ಸೀಟು ಇನ್ನೂ ಬೆಚ್ಚಗಿತ್ತು.